ಟ್ರಯಲ್ ಮುಗಿಯದ ಗಾಡಿಗೆ ಐದು ಕ್ಲಚ್ ಪ್ಲೇಟು ಬೇಡಿ

ಬಿಳಿಗೆರೆ, ತಿಪಟೂರು ತಾಲ್ಲೂಕು
೧೨ ಏಪ್ರಿಲ್ ೧೯೭೯

ಹ್ಯಾರಿಡೇಲ್ ಮೋಟಾರ್ ಕಂಪನಿಯ ಮದರಾಸು ಕಚೇರಿಯಲ್ಲಿ ಬಿಡಿಭಾಗಗಳ ಪೀಠವನ್ನು ಅಲಂಕರಿಸಿರುವ ಮಹಾಮಾನ್ಯ ಮ್ಯಾನೇಜರ್ ಸಾಹೇಬರೇ,

ತಿಪಟೂರು ಸೀಮೆಯ ತೆಂಗಿನಮರಗಳು ಗಾಳಿಗೆ ತಲೆಬಾಗಿದಾಗಲೆಲ್ಲ ಅದನ್ನು ತಮಗೆ ಸಂದ ನಮಸ್ಕಾರವೆಂದೇ ಸ್ವೀಕರಿಸಬೇಕೆಂದು ಕೋರಿ, ಕೊಬ್ಬರಿ ವರ್ತಕ ತೋಂಟದಾರ್ಯನವರ ಮಗ ಮರುಳಸಿದ್ದಯ್ಯ ಮಾಡಿಕೊಳ್ಳುವ ವಿಜ್ಞಾಪನೆ. ಇಂಗ್ಲಿಷಿನಲ್ಲಿ ಬರೆದು ಅಂಟಿಸಿ ಕಳಿಸಿದ ನಾಲ್ಕು ಪತ್ರಗಳನ್ನು ತಾವು ಓದಿದ ಲಕ್ಷಣ ಕಾಣದ್ದರಿಂದ, ಲಕೋಟೆ ಒಡೆಯುವ ಶ್ರಮವಾದರೂ ತಮಗೆ ಉಳಿಯಲೆಂದು ಈ ಐದನೆಯದನ್ನು ಕನ್ನಡದಲ್ಲಿ, ತೆರೆದೇ ಬರೆದಿದ್ದೇನೆ. ಒಂದು ಪ್ರತಿ ತಿಪಟೂರು ಬಸ್ ಸ್ಟ್ಯಾಂಡಿನ ಹೋಟೆಲ್ ಗೋಡೆಯ ಮೇಲಿದೆ. ದೋಸೆ ಬರುವ ತನಕ ಜನ ಓದುತ್ತಾರೆ. ಆ ಹೋಟೆಲಿನಲ್ಲಿ ದೋಸೆ ಬರುವುದು ನಿಧಾನವಾದ್ದರಿಂದ ಪೂರ್ತಿ ಓದುತ್ತಾರೆ.

ನನ್ನ ಬಳಿ ಇರುವುದು ತಮ್ಮದೇ ಕಂಪನಿಯ, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಹಿರಿಯದಾದ, ಟ್ರಯಲ್ಸ್ ಎಂಬ ಪಂದ್ಯಕ್ಕೆಂದೇ ಮಾಡಿದ ಮೋಟಾರ್ ಸೈಕಲ್. ಜೋರಾಗಿ ಓಡುವುದು ಅದರ ಧರ್ಮವಲ್ಲ. ಬಂಡೆ, ಕೊರಕಲು, ಮರದ ಬೇರು ಇವುಗಳ ಮೇಲೆ ಆಮೆಗಿಂತ ತುಸು ನಿಧಾನವಾಗಿ, ಸವಾರ ಕಾಲನ್ನು ನೆಲಕ್ಕೂರದಂತೆ ಹತ್ತಿ ಇಳಿಯುವುದೇ ಅದರ ಹೆಚ್ಚುಗಾರಿಕೆ. ಊರವರು ಅದನ್ನು ಮೇಕೆ ಎನ್ನುತ್ತಾರೆ. ಹೀಗೆ ಹೆಜ್ಜೆ ಹೆಜ್ಜೆಗೂ ಕ್ಲಚ್ಚನ್ನು ಹಿಡಿದು ಬಿಟ್ಟು, ಬಿಟ್ಟು ಹಿಡಿದು, ಅದರೊಳಗಿನ ಐದು ಪ್ಲೇಟುಗಳು ಕಳೆದ ಶ್ರಾವಣದಲ್ಲಿ ಗಡಗಡ ಎನ್ನತೊಡಗಿದವು.

ಇಲ್ಲಿ ನಮ್ಮ ಸೀಮೆಯ ಒಂದು ನಂಬಿಕೆಯನ್ನು ತಮ್ಮ ಪಾದಕ್ಕೆ ಅರಿಕೆ ಮಾಡಬೇಕು. ನಾವು ತೆಂಗಿನಕಾಯಿಯನ್ನು ವರ್ಷ ಪೂರ್ತಿ ಅಟ್ಟದ ಮೇಲಿಟ್ಟು, ಆಮೇಲೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವವರು. ಒಳಗೆ ಗಡಗಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಮಾಲು ಪಕ್ವವಾಗಿದೆ ಎಂದರ್ಥ. ಅಂತೆಯೇ ನನ್ನ ತೀರ್ಥರೂಪರು ಗಾಡಿಯ ಮಗ್ಗುಲಿಗೆ ಕಿವಿಯಿಟ್ಟು ಕೇಳಿ, ಮುಖವರಳಿಸಿ, “ಒಳ್ಳೇ ಸದ್ದು ಕಣ್ಲಾ! ಈಗ ಹದಕ್ಕೆ ಬಂದದೆ, ಯಾರ ಕೈಗೂ ಕೊಡಬ್ಯಾಡ” ಎಂದು ಅಪ್ಪಣೆ ಕೊಡಿಸಿದರು. ಒಂದು ತಿಂಗಳು ನಾನು ಆ ಶುಭನಾದವನ್ನು ಕೇಳುತ್ತಲೇ ತಿರುಗಿದೆ. ಒಂದು ಬೆಳಿಗ್ಗೆ ಇಂಜಿನ್ನು ಅಬ್ಬರಿಸಿತು, ಚಕ್ರ ಮಾತ್ರ ತಿರುಗಲಿಲ್ಲ.

ತಿಪಟೂರಿನ ಮೆಕ್ಯಾನಿಕ್ ಗಂಗಯ್ಯ ಬಿಚ್ಚಿ ನೋಡಿದಾಗ, ಪ್ಲೇಟಿನ ತೂತುಗಳಲ್ಲಿದ್ದ ಬೆಂಡಿನ, ಎಂದರೆ ಕಾರ್ಕಿನ, ಬಿಲ್ಲೆಗಳೆಲ್ಲ ವಿಭೂತಿಯಾಗಿದ್ದವು. ತಮ್ಮಿಂದ ಮಾಲು ಬರುವ ತನಕ ಇರಲೆಂದು ಆ ಮಹಾನುಭಾವ ತೆಂಗಿನ ಮಟ್ಟೆಯನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ತೂತುಗಳಿಗೆ ಜಡಿದ. “ಆನೇನೇ ಕಟ್ಟಾಕೋ ನಾರು ಕಣ್ರೀ ಇದು, ನಿಮ್ಮ ಗಾಡಿ ಯಾವ ಲೆಕ್ಕ!” ಎಂದ. ನಿಜವೇ. ಮಟ್ಟೆ ಎಣ್ಣೆ ಕುಡಿದು ಉಬ್ಬಿ, ಹಿಡಿದದ್ದನ್ನು ಬಿಡಲೇ ಇಲ್ಲ. ನಾನು ಕ್ಲಚ್ ಅದುಮಿದೆ, ಬ್ರೇಕ್ ತುಳಿದೆ, ಗುರುವನ್ನು ನೆನೆದೆ. ಗಾಡಿ ನಮ್ಮ ಕೊಬ್ಬರಿ ಮನೆಯ ಮುಂಬಾಗಿಲಿನಿಂದ ಒಳಹೊಕ್ಕು, ತೀರ್ಥರೂಪರ ಗದ್ದಿಗೆಯನ್ನು ಪ್ರದಕ್ಷಿಣೆ ಹಾಕಿ, ಹಿತ್ತಲ ಮಟ್ಟೆಗುಡ್ಡೆಯಲ್ಲಿ ವಿರಮಿಸಿತು. ಈ ಸಮಯದಲ್ಲೂ ನಾನು ಕಾಲೂರಲಿಲ್ಲವೆಂಬುದನ್ನು ಗಮನಿಸಬೇಕಾಗಿ ಪ್ರಾರ್ಥನೆ.

ತೀರ್ಥರೂಪರು ಅಂದೇ ಗಡುವು ವಿಧಿಸಿದರು: “ಯುಗಾದಿಯೊಳಗೆ ಪ್ಲೇಟು ಬರ್ಲಿಲ್ಲಾಂದ್ರೆ ಆ ಮೇಕೆನ ಬಾವಿ ಪಂಪಿಗೆ ಕಟ್ತೀನಿ. ಇನ್ನೂರು ಸಸಿಗಾದ್ರೂ ನೀರು ಕುಡಿಸ್ಲಿ.” ಬಂಡೆ ಹತ್ತಲು ಹುಟ್ಟಿದ ಗಾಡಿ ಬಾವಿಯ ದಡದಲ್ಲಿ ಬೆಲ್ಟು ಎಳೆಯುವುದನ್ನು ನೆನೆದು ನನಗೆ ಮುದ್ದೆ ಇಳಿಯಲಿಲ್ಲ. ಆ ಕಳವಳದಲ್ಲೇ ತಮಗೆ ಬರೆದದ್ದು.

ತಮ್ಮ ಮೊದಲ ಉತ್ತರ ಎರಡು ತಿಂಗಳಿಗೆ ಬಂತು. “ತಮ್ಮ ವಾಹನವು ಟ್ರಯಲ್‌ನಲ್ಲಿರುವುದಾಗಿ ತಿಳಿದುಬಂದಿದೆ, ಟ್ರಯಲ್ ಮುಗಿದು ವಾಹನವನ್ನು ಖಾಯಂ ಆಗಿ ಖರೀದಿಸಿದ ನಂತರವೇ ಬಿಡಿಭಾಗ ಕೇಳತಕ್ಕದ್ದು” ಎಂಬ ಆ ಒಂದು ವಾಕ್ಯದ ಆಳವನ್ನು ಏನೆಂದು ಹೊಗಳಲಿ! ಗಾಡಿ ಹುಟ್ಟಿ ಇಪ್ಪತ್ತನಾಲ್ಕು ವರ್ಷವಾದರೂ ಟ್ರಯಲ್ ನೋಡಿ ಮುಗಿಸದ ಗಿರಾಕಿಯನ್ನು ತಾಳ್ಮೆಯಿಂದ ಕಾಯುವ ಕಂಪನಿ ಈ ಭೂಮಂಡಲದಲ್ಲಿ ಇನ್ನೊಂದುಂಟೇ? ನಾನು ವಿವರಿಸಿ ಬರೆದೆ, ಮತ್ತೆ ಬರೆದೆ. ಕೊನೆಗೆ ಯುಗಾದಿಗೆ ನಾಲ್ಕು ದಿನ ಇರುವಾಗ ಪಾರ್ಸೆಲ್ ಬಂತು. ಆತುರದಲ್ಲಿ ದಾರ ಹರಿದು ಬಿಚ್ಚಿದರೆ ಒಳಗಿದ್ದವು ಐದು ನಂಬರ್ ಪ್ಲೇಟು. ಒಂದರ ಮೇಲೂ ನಂಬರಿಲ್ಲ. ಗಿರಾಕಿಯ ಸ್ವಾತಂತ್ರ್ಯಕ್ಕೆ ತಾವು ಕೊಡುವ ಬೆಲೆ ಅಷ್ಟು. ನನ್ನ ತಾಯಿ ಶಿವರುದ್ರಮ್ಮನವರು ಅವುಗಳ ಮೇಲೆ ಹಪ್ಪಳ ಒಣಗಿಸಿ, ಇಂಥ ಒಳ್ಳೆಯ ತಗಡು ಈ ಕಡೆ ಸಿಗುವುದಿಲ್ಲವೆಂದು ತಮಗೆ ತಿಳಿಸಲು ಹೇಳಿದ್ದಾರೆ.

ಯುಗಾದಿ ಬಂತು. ಗಾಡಿ ಮತ್ತೆ ಮನೆಯೊಳಗೆ ನುಗ್ಗದಿರಲೆಂದು ಗಂಗಯ್ಯ ಮಟ್ಟೆ ಕಿತ್ತು, ಹಿಂದಿನ ಚಕ್ರದ ಟಯರು ಬಿಚ್ಚಿ, ಬೆಲ್ಟು ಹಾಕಿ ಪಂಪಿಗೆ ಕಟ್ಟಿದ. ನಾನು ಬೇರೆ ಕಡೆ ಮುಖ ಮಾಡಿ ನಿಂತೆ. ತೀರ್ಥರೂಪರು ಊದುಬತ್ತಿ ಬೆಳಗಿ ಗಾಡಿಯನ್ನು ಒದ್ದರು. ಇಂಜಿನ್ನು ಹೂಂಕರಿಸಿತು, ಹೊಗೆ ಮುಗಿಲಿಗೇರಿತು, ಆದರೆ ಚಕ್ರ ಅಲುಗಲಿಲ್ಲ. ಪಂಪಿನ ಬಾಯಿಂದ ಒಂದು ಕಪ್ಪೆ ಹೊರಬಂದು ನಮ್ಮನ್ನೆಲ್ಲ ನೋಡಿ ಒಳಗೆ ಹೋಯಿತು.

“ಇದ್ಯಾಕ್ಲಾ ತಿರುಗಾಕಿಲ್ಲ?”

“ಪ್ಲೇಟು ಇಲ್ಲ ಕಣಪ್ಪ. ಬಂಡೆ ಹತ್ತೋಕೂ ಅದೇ ಬೇಕು, ನೀರೆತ್ತೋಕೂ ಅದೇ ಬೇಕು.”

ಅವರು ಸಸಿಗಳ ಕಡೆ ಒಮ್ಮೆ ನೋಡಿ ಊದುಬತ್ತಿ ಆರಿಸಿದರು. ಆಮೇಲೆ, “ಆ ಮದ್ರಾಸಿನೋನ ಅಡ್ರೆಸ್ ಕೊಡ್ಲಾ ಇಲ್ಲಿ” ಎಂದರು. ಆರು ತಿಂಗಳಲ್ಲಿ ನಾವಿಬ್ಬರೂ ಒಂದೇ ಮಾತಿಗೆ ಬಂದದ್ದು ಅದೇ ಮೊದಲು.

ಆದಕಾರಣ ಮಾನ್ಯರೇ, ಐದು ಪ್ಲೇಟು ಕಳಿಸಬೇಕು. ಅದಾಗದಿದ್ದರೆ ಬಾವಿಯ ನೀರು ತಾನಾಗಿ ಮೇಲೆ ಬರುವಂತೆ ಆದೇಶ ಹೊರಡಿಸಬೇಕು. ಅದೂ ಆಗದಿದ್ದರೆ ತಮ್ಮ ಕಚೇರಿಯ ಐವರು ಗುಮಾಸ್ತರನ್ನಾದರೂ ಎರವಲು ಕೊಡಬೇಕು. ಹಿಡಿದ ಕಡತವನ್ನು ಜನ್ಮದಲ್ಲಿ ಬಿಡದ ಅವರನ್ನು ಇಂಜಿನಿಗೂ ಚಕ್ರಕ್ಕೂ ನಡುವೆ ಸಾಲಾಗಿ ಕೂರಿಸಿಕೊಂಡರೆ ಹಿಡಿತಕ್ಕೆ ಕೊರತೆಯಾಗದು.

ಇಷ್ಟಾದರೂ ತಮ್ಮ ಮೇಲೆ ವಿಶ್ವಾಸ ಜಾರದೆ ಉಳಿದಿರುವ,
ತಮ್ಮ ವಿಶ್ವಾಸಿ,
ತೋ. ಮರುಳಸಿದ್ದಯ್ಯ

ತಾ.ಕ.: ತೀರ್ಥರೂಪರು ಇಂದು ಬೆಳಗಿನ ರೈಲಿಗೆ ಹಾಸಿಗೆ ಸುತ್ತಿಕೊಂಡು, ಎಂಟು ದಿನದ ರೊಟ್ಟಿ ಚಟ್ನಿಪುಡಿ ಕಟ್ಟಿಸಿಕೊಂಡು ತಮ್ಮ ಕಚೇರಿಗೆ ಹೊರಟಿದ್ದಾರೆ. ಅವರಿಗೆ ತಮಿಳು ಬಾರದು, ಇಂಗ್ಲಿಷೂ ಬಾರದು. ಕನ್ನಡದಲ್ಲಿ ‘ಇಲ್ಲ’ ಎಂದರೆ ಇಷ್ಟು ವರ್ಷವಾದರೂ ಅವರಿಗೆ ಅರ್ಥವಾದದ್ದನ್ನು ನಾನು ಕಂಡಿಲ್ಲ.