ಮೂಲೆ ಕೋಣೆಯ ನಿದ್ದೆ

ಎಲ್ಲ ಫಜೀತಿಗೂ ಮೂಲ ಭೌತಶಾಸ್ತ್ರದ ಮೇಷ್ಟ್ರು ತಾವೇ ಆಡಿದ ಒಂದು ಮಾತು. ಪದವಿ ತರಗತಿಯ ಮಕ್ಕಳೂ ಇನ್ನು ಮೇಲೆ ಸಂಶೋಧನೆ ಮಾಡಬೇಕು, ಪುಸ್ತಕದ ಪ್ರಯೋಗವನ್ನೇ ಗಿಳಿಪಾಠ ಒಪ್ಪಿಸಿದರೆ ಸಾಲದು ಎಂದು ಮೇಲಿನಿಂದ ಆದೇಶ ಬಂದಿತ್ತು. ಮೇಷ್ಟ್ರು ಹುರುಪಿನಿಂದ ಎರಡನೇ ವರ್ಷದವರ ಮುಂದೆ ನಿಂತು, "ಪುಸ್ತಕದಲ್ಲೂ ಉತ್ತರ ಇರಬಾರದು, ನನಗೂ ಗೊತ್ತಿರಬಾರದು. ಅಂಥ ಪ್ರಶ್ನೆ ನೀವೇ ಹುಡುಕ್ಕೊಳ್ಳಿ. ಏನೇ ಉತ್ತರ ಬಂದ್ರೂ ಮುಚ್ಚಿಡಬೇಡಿ" ಎಂದುಬಿಟ್ಟರು. ಆ ಹೊತ್ತಿನಲ್ಲಿ ತರಗತಿಯಲ್ಲಿ ಕೆಲವರು ಎಚ್ಚರವಿದ್ದದ್ದು ಅವರ ಗ್ರಹಚಾರ.

ಏಕೆಂದರೆ ಕಾಲೇಜಿನಲ್ಲಿ ಅವರಿಗೆ ಜೋಗುಳ ಮೇಷ್ಟ್ರು ಎಂದೇ ಹೆಸರು. ಊಟದ ನಂತರದ ಅವಧಿ, ಕೆಳಗಿನ ಮೂಲೆ ಕೋಣೆ, ಅವರ ಪಾಠ, ಈ ಮೂರೂ ಸೇರಿದರೆ ಇಡೀ ತರಗತಿ ಗಾಳಿ ಹೋದ ಬಲೂನಿನಂತೆ ಮೆಲ್ಲಗೆ ಮುದುಡಿಕೊಳ್ಳುತ್ತಿತ್ತು. ಮಹಡಿಯ ಮೇಲಿನ ಗಾಳಿ ಬೆಳಕಿನ ಕೋಣೆ ಕೊಡಿ ಎಂದು ಮೇಷ್ಟ್ರು ವರ್ಷಗಳಿಂದ ಗೋಗರೆಯುತ್ತಿದ್ದರು. ಕೊನೆಗೂ ಪ್ರಿನ್ಸಿಪಾಲರು ಕರಗಿ, "ಸಂಶೋಧನೆ ನೋಡೋಕೆ ತಜ್ಞರ ತಂಡ ಬರುತ್ತೆ. ನಿಮ್ಮ ಮಕ್ಕಳ ಕೆಲಸ ಅವರು ಮೆಚ್ಚಿದ್ರೆ ಮೇಲಿನ ಕೋಣೆ ನಿಮಗೇ" ಎಂದಿದ್ದರು.

ತಂಡ ಬರುವ ದಿನ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. "ರೀ, ಸಂಜೆ ಬಂದು ಒಂದೂ ಬಿಡದ ಹಾಗೆ ಎಲ್ಲಾ ಹೇಳ್ಬೇಕು" ಎಂದು ಹೆಂಡತಿ ಬಾಗಿಲವರೆಗೂ ಬಂದು ಕಳಿಸಿಕೊಟ್ಟಳು. ಮೇಷ್ಟ್ರಿಗೆ ಆಗಲೇ ಮೇಲಿನ ಕೋಣೆಯ ಗಾಳಿ ಮುಖಕ್ಕೆ ತಾಗಿದಂತಾಯಿತು.

ಮೂಲೆ ಕೋಣೆಗೆ ಕಾಲಿಟ್ಟದ್ದೇ ತಡ, ಅಲ್ಲೇ ನಿಂತುಬಿಟ್ಟರು. ಗೋಡೆಯ ಮೇಲೆ ದೊಡ್ಡ ಹಾಳೆ, ಅದರ ನೆತ್ತಿಯಲ್ಲಿ ದುಂಡಗಿನ ಅಕ್ಷರ: 'ನಮ್ಮ ಮೇಷ್ಟ್ರ ಪಾಠದಲ್ಲಿ ನಿದ್ದೆ ಏಕೆ ಬರುತ್ತದೆ? ಒಂದು ಅಧ್ಯಯನ.' ಅದರ ಕೆಳಗೆ ಬಣ್ಣಬಣ್ಣದ ಗೀಟುಗಳೂ ಚುಕ್ಕೆಗಳೂ ಇದ್ದವು. ಅವನ್ನು ಓದುವ ತ್ರಾಣ ಮೇಷ್ಟ್ರಿಗೆ ಉಳಿದಿರಲಿಲ್ಲ.

"ಏನಮ್ಮಾ ಇದು?" ಎಂದರು, ಹಾಳೆಗೆ ಗುಂಡುಸೂಜಿ ಚುಚ್ಚುತ್ತಿದ್ದ ಕನ್ನಡಕದ ಹುಡುಗಿಯನ್ನು ನೋಡಿ. ಈ ಕೆಲಸಕ್ಕೆಲ್ಲ ಅವಳೇ ಮುಂದಾಳು.

"ಯಾವ ಪುಸ್ತಕದಲ್ಲೂ ಇಲ್ಲ ಸಾರ್. ನಿಮಗೂ ಗೊತ್ತಿಲ್ಲ ಅಲ್ವಾ?" ಅವಳ ಮುಖದಲ್ಲಿ ಕುಚೇಷ್ಟೆಯ ಸುಳಿವೂ ಇರಲಿಲ್ಲ.

"ಇವತ್ತೊಂದು ದಿನ ತೆಗೆದಿಡಮ್ಮಾ, ನಿನ್ನ ದಮ್ಮಯ್ಯ!"

"ಮುಚ್ಚಿಡಬಾರದು ಅಂತ ನೀವೇ ಹೇಳಿದ್ರಿ ಸಾರ್."

ಅಷ್ಟರಲ್ಲಿ ಬಾಗಿಲಲ್ಲಿ ಇಣುಕಿದವರು ರಸಾಯನಶಾಸ್ತ್ರದ ಪಟಾಕಿ ಮೇಡಂ. ಮಾತಿಗೆ ನಿಂತರೆ ಪಟಪಟನೆ ಸಿಡಿಯುವ ಹೆಂಗಸು. ಮಹಡಿಯ ಮೇಲಿನ ಕೋಣೆ ಸದ್ಯ ಅವರದೇ. ಹಾಳೆ ಓದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರೂ, ಆಪತ್ತಿನಲ್ಲಿದ್ದವರಿಗೆ ನೆರವಾಗದೆ ಇರುವ ಜಾಯಮಾನ ಅವರದಲ್ಲ. ಹಳೆಯ ಲೋಲಕದ ಚಿತ್ರಪಟವೊಂದನ್ನು ಬೀರುವಿನ ಹಿಂದಿನಿಂದ ಎಳೆದು, ಧೂಳು ಝಾಡಿಸಿ, ಆ ಹಾಳೆಯ ಮೇಲೇ ತೂಗುಹಾಕಿದರು. "ಯೋಚ್ನೆ ಬಿಡಿ ಮೇಷ್ಟ್ರೇ, ನಾನಿಲ್ವಾ?" ಎಂದು ಧೈರ್ಯವನ್ನೂ ಹೇಳಿದರು.

ತಂಡದ ಹಿರಿಯರು ನೆರೆಗೂದಲಿನ, ನಿಧಾನದ ಮನುಷ್ಯ. ಅವರು ಪ್ರಿನ್ಸಿಪಾಲರೊಂದಿಗೆ ಒಳಬಂದು ಕೋಲಿನ ತುದಿಯಿಂದ ಚಿತ್ರಪಟ ಮುಟ್ಟಿ, "ಇದೇನು, ನಾನು ಓದೋವಾಗಿನ ಪ್ರಯೋಗ?" ಎಂದದ್ದೇ ತಡ, ಅದು ಮೊಳೆ ಸಮೇತ ಕಳಚಿ ಪ್ರಿನ್ಸಿಪಾಲರ ಕಾಲಿನ ಮೇಲೆ ಬಿತ್ತು. ಹಿಂದಿನ ಹಾಳೆ ಎಲ್ಲರಿಗೂ ಕಂಡಿತು. ಪ್ರಿನ್ಸಿಪಾಲರು ಕಾಲುನೋವನ್ನೂ ಮರೆತು ಮೇಷ್ಟ್ರನ್ನು ಗುರಾಯಿಸಿದರು. ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಪಟಾಕಿ ಮೇಡಂ ಮತ್ತೆ ನೆರವಿಗೆ ಧಾವಿಸಿದರು. "ಪಾಪ, ಇವರ ತಪ್ಪಲ್ಲ ಸಾರ್. ಕೆಲವರ ದನೀನೇ ಹಾಗೆ. ನನ್ನ ಕ್ಲಾಸಲ್ಲಾದ್ರೆ ಒಂದು ನೊಣಾನೂ ಮಲಗಲ್ಲ."

ಹಿರಿಯರು ಅದಕ್ಕೆ ಕಿವಿಗೊಡದೆ ಹುಡುಗಿಯತ್ತ ತಿರುಗಿದರು. "ಏನು ಕಂಡ್ಕೊಂಡ್ರಿ, ಹೇಳಮ್ಮಾ."

"ಬಾಗಿಲ ಹತ್ರ ಕೂತೋರು ಕಡಿಮೆ ಮಲಗ್ತಾರೆ ಸಾರ್, ಬೀರುಗಳ ಹತ್ರ ಕೂತೋರು ಜಾಸ್ತಿ. ಪಾಠ ಎಲ್ರಿಗೂ ಒಂದೇ ಥರ ಕೇಳುತ್ತೆ. ಹಾಗಾಗಿ ಕಾರಣ ಮೇಷ್ಟ್ರಲ್ಲ, ಕೋಣೆ ಅಂತ ನಮ್ಮ ಅನುಮಾನ. ಮೇಷ್ಟ್ರನ್ನ ಬದಲಾಯಿಸಿ ನೋಡಿದ್ರೆ ಗೊತ್ತಾಗ್ತಿತ್ತು. ಕೇಳೋಕೆ ಧೈರ್ಯ ಬರ್ಲಿಲ್ಲ."

ಮೇಷ್ಟ್ರು ತಲೆ ಎತ್ತಿದರು. ಮಕ್ಕಳು ತನ್ನನ್ನು ಗೇಲಿ ಮಾಡುತ್ತಿಲ್ಲ, ತನ್ನ ಪರವಾಗಿ ವಕಾಲತ್ತು ಹಾಕುತ್ತಿದ್ದಾರೆ!

"ಅದಕ್ಕೇನಂತೆ, ಇವತ್ತೇ ಬದಲಾಯಿಸೋಣ" ಎಂದರು ಹಿರಿಯರು.

ಊಟವಾದ ಮೇಲೆ ಪಟಾಕಿ ಮೇಡಂ ಮೂಲೆ ಕೋಣೆಯಲ್ಲಿ ಪಾಠಕ್ಕೆ ನಿಂತರು. ಹಿರಿಯರೂ ಪ್ರಿನ್ಸಿಪಾಲರೂ ಹಿಂದಿನ ಬೆಂಚಿನಲ್ಲಿ ಕೂತರು. ಮೇಷ್ಟ್ರು ತಮ್ಮ ಅರ್ಧ ತರಗತಿಯನ್ನು ಕಟ್ಟಿಕೊಂಡು ಮಹಡಿ ಹತ್ತಿದರು, ಜೊತೆಗೆ ತಂಡದ ಉಳಿದವರು. ಆಹಾ, ಆ ಗಾಳಿ! ಒಬ್ಬರಾದರೂ ಆಕಳಿಸಲಿಲ್ಲ. ಇದೇಕೆ ಹೀಗೆ, ಅದೇಕೆ ಹಾಗೆ ಎಂದು ಕೇಳುವವರೇ ಎಲ್ಲ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಇಷ್ಟು ವರ್ಷ ತನ್ನ ಮುಂದೆ ಇಂಥ ಮಕ್ಕಳು ಕೂತಿದ್ದರೇ ಎಂದು ಮೇಷ್ಟ್ರ ಕಣ್ಣು ತೇವವಾಯಿತು.

ಕೆಳಗೆ ಬಂದು ನೋಡಿದರೆ ಪಟಾಕಿ ಮೇಡಂ ಸಿಡಿದು ಸಿಡಿದು ಸುಸ್ತಾಗಿ ಕುರ್ಚಿಯಲ್ಲಿ ಕುಸಿದಿದ್ದರು. ಬೀರು ಪಕ್ಕದ ಸಾಲುಗಳು ಸಾಮೂಹಿಕವಾಗಿ ಮಲಗಿದ್ದವು. ಪ್ರಿನ್ಸಿಪಾಲರ ಹೆಗಲಿಗೆ ಒರಗಿ ಹಿರಿಯರು ಗೊರಕೆ ಹೊಡೆಯುತ್ತಿದ್ದರೆ, ಪ್ರಿನ್ಸಿಪಾಲರ ಗೊರಕೆ ಅದಕ್ಕೆ ತಾಳ ಹಾಕುತ್ತಿತ್ತು. ಕನ್ನಡಕದ ಹುಡುಗಿ ಮಾತ್ರ ಬಾಗಿಲ ಬಳಿ ಕೂತು ತನ್ನ ಕೈ ತಾನೇ ಜಿಗುಟಿಕೊಳ್ಳುತ್ತಾ ಗೀಟು ಹಾಕುತ್ತಿದ್ದಳು.

ಎಚ್ಚರವಾದ ಹಿರಿಯರು ಬೀರುಗಳ ಹಿಂದೆ ಕೈ ತೂರಿಸಿ ನೋಡಿದರು. "ಅಲ್ರೀ, ಇಲ್ಲಿ ಸಾಲಾಗಿ ಕಿಟಕಿಗಳಿವೆ! ಯಾರು ಮುಚ್ಚಿದ್ದು?"

"ನಮ್ಮ ಮೇಷ್ಟ್ರೇ. ಗಾಳಿಗೆ ಲೋಲಕ ಅಲ್ಲಾಡುತ್ತೆ ಅಂತ, ಸೇರಿದ ಹೊಸದರಲ್ಲಿ" ಎಂದರು ಪ್ರಿನ್ಸಿಪಾಲರು.

ಮೇಷ್ಟ್ರು ಹಲ್ಲು ಕಿರಿದರು. ಹೋಗಲಿ, ತಪ್ಪು ಕೋಣೆಯದು ಎಂದಂತೂ ಸಾಬೀತಾಯಿತಲ್ಲ. "ಹಾಗಾದ್ರೆ ಸಾರ್, ಮೇಲಿನ ಕೋಣೆ..."

"ಛೇ ಛೇ!" ಎಂದರು ಹಿರಿಯರು. "ಇಂಥ ಕೋಣೆ ಸಂಶೋಧನೆಗೆ ಎಲ್ಲಿ ಸಿಗುತ್ತೆ? ನಾನಂತೂ ತುಂಬಾ ಮೆಚ್ಚಿದೆ. ಬೀರುಗಳನ್ನ ಒಟ್ಟಿಗೇ ತೆಗೀಬೇಡಿ. ಒಂದೊಂದು ಅವಧಿಗೆ ಒಂದೊಂದು ಕಿಟಕಿ ತೆಗೆದು, ನಿದ್ದೆ ಎಷ್ಟೆಷ್ಟು ಇಳಿಯುತ್ತೆ ಅಂತ ಅಳೀರಿ. ಅಲ್ಲೀವರೆಗೂ ಪಾಠ ಮಾಡೋರು ಇವರೇ ಇರ್ಬೇಕು."

"ಹೌದು ಸಾರ್. ಒಂದು ಸಲಕ್ಕೆ ಒಂದೇ ಬದಲಾಯಿಸ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ದು" ಎಂದು ಹುಡುಗಿ ಮೇಷ್ಟ್ರ ಕಡೆ ತಿರುಗಿ ಸಂಭ್ರಮದಿಂದ ದನಿಗೂಡಿಸಿದಳು. ಪ್ರಿನ್ಸಿಪಾಲರು ಮೇಷ್ಟ್ರ ಬೆನ್ನು ತಟ್ಟಿದರು. ಪಟಾಕಿ ಮೇಡಂ ಮೇಲಿನ ಕೋಣೆಯ ಬೀಗದ ಕೈಯನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡರು.

ಆದರೂ ಮೇಷ್ಟ್ರು ಮನೆಗೆ ಹಗುರವಾಗಿಯೇ ಬಂದರು. ಕೋಣೆ ಸಿಗದಿದ್ದರೇನು, ತಪ್ಪು ತನ್ನದಲ್ಲವೆಂದು ವಿಜ್ಞಾನವೇ ಹೇಳಿತಲ್ಲ! ನಡುಮನೆಯಲ್ಲಿ ಹೆಂಡತಿಯನ್ನು ಎದುರು ಕೂರಿಸಿಕೊಂಡು, ಬೆಳಗಿನ ಹಾಳೆಯಿಂದ ಹಿಡಿದು ಒಂದೂ ಬಿಡದ ಹಾಗೆ ಹೇಳತೊಡಗಿದರು. ಹಿರಿಯರು ಬೀರುವಿನ ಹಿಂದೆ ಕೈ ತೂರಿಸಿದ ಘಟ್ಟಕ್ಕೆ ಬರುವ ಹೊತ್ತಿಗೆ ಅವಳ "ಹೂಂ" ನಿಂತುಹೋಯಿತು. ನೋಡಿದರೆ ಅವಳ ಕತ್ತು ವಾಲಿ, ಬಾಯಿ ಅರ್ಧ ತೆರೆದಿತ್ತು.

ಮೇಷ್ಟ್ರು ಗಾಬರಿಯಿಂದ ಕಿಟಕಿಗಳ ಕಡೆ ನೋಡಿದರು. ಎಲ್ಲವೂ ಹಾರುಹೊಡೆದಿದ್ದವು. ಪರದೆ ಪಟಪಟ ಬಡಿಯುವಷ್ಟು ಗಾಳಿ.

ಇದನ್ನು ಯಾರಿಗೂ ಹೇಳಬೇಕಿಲ್ಲ ಎಂದುಕೊಂಡು ಸುಮ್ಮನೆ ಕೂತರು. ಸುಮ್ಮನಿರಲಾಗಲಿಲ್ಲ. ಮುಚ್ಚಿಡಬೇಡಿ ಎಂದವರು ತಾವೇ ಅಲ್ಲವೇ? ಕೊನೆಗೆ ಫೋನು ತೆಗೆದು ಕನ್ನಡಕದ ಹುಡುಗಿಗೆ ಪಿಸುದನಿಯಲ್ಲಿ ಎಲ್ಲ ಹೇಳಿದರು.

ಆ ಕಡೆಯಿಂದ ಖುಷಿಯ ಕಿರುಚಾಟವೇ ಕೇಳಿಸಿತು. "ಅಯ್ಯೋ ಸಾರ್, ಉತ್ತರ ಇಷ್ಟು ಬೇಗ ಸಿಕ್ಕಿಬಿಡ್ತಲ್ಲಾ ಅಂತ ಬೇಜಾರಾಗಿತ್ತು! ಈಗ ಮತ್ತೆ ಶುರು ಮಾಡ್ಬಹುದು. ಸಾರ್, ದಯವಿಟ್ಟು ಅವರನ್ನ ಎಬ್ಬಿಸಬೇಡಿ. ಎಷ್ಟು ಹೊತ್ತು ಮಲಗ್ತಾರೆ ನೋಡ್ಬೇಕು."

ಮೇಷ್ಟ್ರು ಸದ್ದಾಗದಂತೆ ಕುರ್ಚಿ ಎಳೆದುಕೊಂಡು, ಕಾಗದ ಪೆನ್ನು ಹಿಡಿದು ಗಡಿಯಾರದ ಎದುರು ಕೂತರು.