ಕೆನಡಾದವನ ‘ಕ್ಯಾನ್’

೧. ಬೋರ್ಡು

ಕಂಟೋನ್ಮೆಂಟಿನ ರೈಲ್ವೆ ಗೇಟು ಹಾಕಿತ್ತು. ಕಾರು ನಿಂತಿತು. ಹಿಂದಿನ ಸೀಟಿನಲ್ಲಿದ್ದ ಕೆನಡಾದವನು ಸ್ಟೇಷನ್ನಿನ ಇಂಗ್ಲಿಷ್ ಬೋರ್ಡು ಓದಿದ. ನನ್ನ ಭುಜ ತಟ್ಟಿ, ‘ಬಳ್ಳಾರಿ ಕ್ಯಾಂಟ್ ವಾಟ್?’ ಅಂದ.

ಕಂಟೋನ್ಮೆಂಟನ್ನು ರೈಲ್ವೆಯವರು ‘ಕ್ಯಾಂಟ್’ ಎಂದು ಮೊಟಕು ಮಾಡಿ ಬರೆದಿರುತ್ತಾರೆ. ಅವನ ಕಿವಿಗೆ ಅದು ‘ಆಗುವುದಿಲ್ಲ’. ಬಳ್ಳಾರಿಯ ಕೈಲಿ ಏನು ಆಗುವುದಿಲ್ಲ ಎಂದು ತಮಾಷೆಗೆ ಕೇಳಿದ್ದ. ತಮಾಷೆ ಅಂತ ನನಗೆ ಹೊಳೆಯಲಿಲ್ಲ. ಸ್ವಲ್ಪ ಯೋಚನೆ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿದೆ. ದಿನಾ ಕುಡಿಯುವ ನೀರು ಬಿಡಲು ಆಗುವುದಿಲ್ಲ ಅಂದೆ.

ಕಾರು ಓಡಿಸುತ್ತಿದ್ದವನು ನನ್ನ ಹಳೆಯ ಶಿಷ್ಯ. ಕುರುಗೋಡಿನ ಹೈಸ್ಕೂಲಿನಲ್ಲಿ ಅವನಿಗೆ ಇಂಗ್ಲಿಷ್ ಕಲಿಸಿದವನು ನಾನು. ಈಗ ಸಿರುಗುಪ್ಪದಲ್ಲಿ ಅವನದೊಂದು ಅಕ್ಕಿ ಮಿಲ್ಲು. ಅದು ಕುಂಟುತ್ತಿತ್ತು. ಕೆನಡಾದವನು ಅಕ್ಕಿ ಕೊಳ್ಳಲು ಬಂದಿದ್ದ. ‘ಈ ಗಿರಾಕಿ ಸಿಕ್ರ ಮಿಲ್ಲು ಓಡತೈತಿ ಸಾರ್. ಇಲ್ಲಂದ್ರ ಈ ಸೀಜನ್‌ಗೆ ಬೀಗ’ ಎಂದು ಹೇಳಿ, ಮಾತು ತಿಳಿಸಿ ಹೇಳಲಿಕ್ಕೆ ನನ್ನನ್ನು ಕುರುಗೋಡಿನ ಮನೆಯಿಂದ ಕರೆತಂದಿದ್ದ.

‘ಏನ್ ಹೇಳಿದ್ರಿ ಸಾರ್ ಅವರಿಗೆ?’

‘ನೀರಿನ ವಿಷಯ.’

‘ಅಕ್ಕಿ ವಿಷಯ ಹೇಳ್ರಿ ಸಾರ್.’

ಅಷ್ಟರಲ್ಲಿ ಕೆನಡಾದವನು ತನ್ನ ನೀರಿನ ಬಾಟಲಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಸಿರುಗುಪ್ಪ ಬರುವ ತನಕ ಅದರ ಮೇಲಿನ ಕೈ ತೆಗೆಯಲಿಲ್ಲ.

೨. ಬರ್ತೈತಿ

ಮಿಲ್ಲಿನಲ್ಲಿ ಶಿಷ್ಯನಿಗೆ ಹುರುಪು ಬಂತು. ತಾನೇ ಇಂಗ್ಲಿಷ್ ಮಾತಾಡಲು ನಿಂತ. ನಾನು ಸುಮ್ಮನಾದೆ. ಅದು ನನ್ನ ಮೊದಲ ತಪ್ಪು.

‘ಕ್ಯಾನ್ ಯು ಡು ದಿ ಪ್ಯಾಕಿಂಗ್ ಹಿಯರ್?’ ಎಂದು ಕೆನಡಾದವನು ಕೇಳಿದ. ಪ್ಯಾಕಿಂಗು ಇಲ್ಲೇ ಮಾಡಬಲ್ಲಿರಾ ಅಂತ.

‘ಪ್ಯಾಕಿಂಗ್ ಈಸ್ ಕಮಿಂಗ್, ಸಾರ್.’

‘ಅಂಡ್ ಪಾಲಿಶಿಂಗ್?’

‘ಪಾಲಿಶಿಂಗ್ ಆಲ್ಸೋ ಕಮಿಂಗ್.’

ನಮಗೆ ಎಲ್ಲವೂ ಬರುತ್ತದೆ. ಈಜು ಬರುತ್ತದೆ, ಹಾಡು ಬರುತ್ತದೆ, ಅಡಿಗೆ ಬರುತ್ತದೆ. ವಿದ್ಯೆಯೇ ನಡೆದುಕೊಂಡು ಬರಬೇಕು, ನಾವು ಎದ್ದು ಹೋಗುವುದಿಲ್ಲ. ಅವರ ಮಾತಿನಲ್ಲಿ ಹಾಗಲ್ಲ. ನಾನು ಬಲ್ಲೆ, ನಾನು ಮಾಡಬಲ್ಲೆ. ಇದನ್ನು ಹುಡುಗರಿಗೆ ಹೇಳಿಕೊಡಲಿಕ್ಕೇ ಸರ್ಕಾರ ನನಗೆ ಸಂಬಳ ಕೊಟ್ಟಿದ್ದು.

ಕೆನಡಾದವನು ಗೇಟಿನ ಕಡೆ ನೋಡಿದ. ‘ವೆನ್ ಈಸ್ ಇಟ್ ಕಮಿಂಗ್?’ ಅಂದ.

‘ಆಲ್ವೇಸ್ ಕಮಿಂಗ್, ಸಾರ್. ಮೈ ಫಾದರ್ ಟೈಮ್ ಆಲ್ಸೋ ಕಮಿಂಗ್.’

ಅವನು ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಗೇಟಿಗೆ ಮುಖ ಮಾಡಿ ಕೂತ. ನಾನು ಭತ್ತದ ರಾಶಿ ನೋಡುತ್ತಾ ನಿಂತೆ.

ಶಿಷ್ಯ ನನ್ನ ಹತ್ತಿರ ಬಂದು ಮೆಲ್ಲಗೆ, ‘ಯಾಕ್ ಸಾರ್ ಅಲ್ಲಿ ಹೋಗಿ ಕುಂತ?’ ಅಂದ.

‘ನಿನ್ನ ಪ್ಯಾಕಿಂಗ್ ಬರೋದು ಕಾಯಾಕತ್ಯಾನ.’

೩. ಮೊಸರು

ಮಧ್ಯಾಹ್ನ ಊಟ ಶಿಷ್ಯನ ಮನೆಯಲ್ಲಿ. ಮೊಸರಿನ ಗಿಂಡಿ ನನ್ನ ಮುಂದಿತ್ತು. ಎದುರಿಗೆ ಕೆನಡಾದವನು. ಖಾರಕ್ಕೆ ಅವನ ಕಣ್ಣಲ್ಲಿ ನೀರು.

‘ಕ್ಯಾನ್ ಯು ಪಾಸ್ ದಿ ಯೋಗರ್ಟ್?’ ಅಂದ.

‘ಯೆಸ್, ಐ ಕ್ಯಾನ್’ ಅಂದೆ. ರೊಟ್ಟಿ ಮುರಿದುಕೊಂಡೆ.

ಅವನು ಸ್ವಲ್ಪ ಹೊತ್ತು ಕಾದ. ಮತ್ತೆ ಅದನ್ನೇ ಕೇಳಿದ. ಮುದುಕನಿಗೆ ಕಿವಿ ಮಂದ ಎಂದುಕೊಂಡಿದ್ದಾನೆ ಅಂತ ನನಗೆ ಸಿಟ್ಟು ಬಂತು. ‘ಯೆಸ್, ಐ ಕ್ಯಾನ್’ ಎಂದು ಗಟ್ಟಿಯಾಗಿ ಹೇಳಿದೆ.

ಶಿಷ್ಯನ ಹೆಂಡತಿ ಅಡಿಗೆಮನೆ ಬಾಗಿಲಿನಿಂದ, ‘ಸಾರ್, ಅವರು ಮೊಸರು ಕೇಳಾಕತ್ಯಾರ್ರಿ’ ಅಂದಳು.

‘ಕೇಳಿಲ್ಲಮ್ಮ. ಕೊಡಾಕ ನನ್ನ ಕೈಲಿ ಆಗತೈತೋ ಇಲ್ಲೋ ಅಂತ ಕೇಳ್ಯಾನ. ಆಗತೈತಿ ಅಂದೀನಿ.’

‘ಆಗತೈತಲ್ರಿ, ಮತ್ತ ಕೊಡ್ರಿ.’

ಕೊಟ್ಟೆ. ಆಗ ನೆನಪಾಯಿತು. ಕ್ಲಾಸಿನಲ್ಲಿ ನಾನು ಪ್ರತಿ ವರ್ಷ ಕೇಳುತ್ತಿದ್ದ ಪ್ರಶ್ನೆ, ‘ಕ್ಯಾನ್ ಯು ಓಪನ್ ದಿ ವಿಂಡೋ?’ ಇಡೀ ಕ್ಲಾಸು ಎದ್ದು ನಿಂತು, ‘ಯೆಸ್ ಸಾರ್, ಐ ಕ್ಯಾನ್’ ಅನ್ನುತ್ತಿತ್ತು. ನಾನು ಗುಡ್ ಅನ್ನುತ್ತಿದ್ದೆ. ಎಲ್ಲರೂ ಕೂತುಕೊಳ್ಳುತ್ತಿದ್ದರು. ನಾನು ರಿಟೈರ್ ಆಗುವ ತನಕ ಆ ಕಿಟಕಿಯನ್ನು ಯಾರೂ ತೆರೆಯಲಿಲ್ಲ.

೪. ಹೊಳೆ

ಊಟ ಆದ ಮೇಲೆ ಕೆನಡಾದವನಿಗೆ ಹೊಳೆ ನೋಡುವ ಮನಸ್ಸಾಯಿತು. ಕಾರಿನಲ್ಲಿ ರಾರಾವಿ ಕಡೆ ಹೋದೆವು. ರಸ್ತೆ ಬದಿಯಲ್ಲಿ ಇಳಿದಾಗ ಅವನು ನನಗೆ, ‘ಕುಡ್ ಯು ವಾಕ್ ಡೌನ್ ವಿತ್ ಮಿ?’ ಅಂದ.

‘ಕ್ಯಾನ್’ನಿಂದ ಒಮ್ಮೆ ಪೆಟ್ಟು ತಿಂದಿದ್ದೆ. ಇದು ‘ಕುಡ್’. ಇದರಲ್ಲಿ ನನಗೆ ಅನುಮಾನವಿರಲಿಲ್ಲ. ‘ಕ್ಯಾನ್’ನ ಭೂತಕಾಲ ‘ಕುಡ್’ ಎಂದು ಎಷ್ಟು ಬೋರ್ಡುಗಳ ಮೇಲೆ ಬರೆದಿದ್ದೇನೋ. ಮುಂಚೆ ನಡೆಯಲು ಆಗುತ್ತಿತ್ತೇ ಎಂದು ಕೇಳುತ್ತಿದ್ದಾನೆ.

‘ಯೆಸ್’ ಅಂದೆ. ‘ವೆನ್ ಐ ವಾಸ್ ಯಂಗ್.’

ಅವನ ಮುಖ ಸಣ್ಣದಾಯಿತು. ನನ್ನ ಮೊಣಕಾಲು ನೋಡಿದ. ಸಾರಿ ಅಂದ. ನನ್ನ ಮೊಣಕೈ ಹಿಡಿದು, ಮದುವೆಗೆ ಬಂದ ಹಿರಿಯರನ್ನು ಇಳಿಸುವ ಹಾಗೆ, ಹೆಜ್ಜೆ ಹೆಜ್ಜೆಗೂ ನಿಂತು ಇಳಿಸಿದ. ಕೈ ಬಿಡಿಸಿಕೊಂಡರೆ ಮತ್ತೆ ಹಿಡಿಯುತ್ತಿದ್ದ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು.

ಶಿಷ್ಯ ಗಾಬರಿಯಾಗಿ ಓಡಿ ಬಂದ. ‘ಸಾರ್, ಕಾಲಿಗೇನಾತು?’

‘ಕಾಲಿಗೆ ಏನೂ ಆಗಿಲ್ಲ. ಗ್ರಾಮರ್.’

೫. ನುಂಗಿದ ಅಕ್ಷರ

ಸಂಜೆ ಮಿಲ್ಲಿನಲ್ಲಿ ಮುಖ್ಯ ಮಾತು. ಶಿಷ್ಯನ ಹೆಂಡತಿ ಎರಡು ತಟ್ಟೆಯಲ್ಲಿ ಅನ್ನ ಮಾಡಿ ಕಳಿಸಿದ್ದಳು. ಒಂದು ಹೊಸ ಅಕ್ಕಿಯದು, ಒಂದು ಹಳೆ ಅಕ್ಕಿಯದು. ಎರಡೂ ಬಗೆಯ ಅಕ್ಕಿ ಗೋದಾಮಿನಲ್ಲಿತ್ತು. ಕೆನಡಾದವನು ಹೊಸ ಅಕ್ಕಿಯ ಅನ್ನ ಬಾಯಿಗೆ ಹಾಕಿಕೊಂಡ. ನನ್ನ ಕಡೆ ತಿರುಗಿ, ‘ಐ ಕ್ಯಾನ್ ಟೇಕ್ ದಿಸ್’ ಅಂದ. ಕ್ಯಾನ್ ಅನ್ನುವುದನ್ನು ಒತ್ತಿ, ಗಟ್ಟಿಯಾಗಿ ಅಂದ. ಆಮೇಲೆ ಹಳೆಯದನ್ನು ತಿಂದ. ‘ದಿಸ್ ಐ ಕ್‌ನ್ ಟೇಕ್’ ಅಂದ. ಈ ಸಲ ಆ ಮಾತು ಇತ್ತೋ ಇಲ್ಲವೋ ಅನ್ನುವ ಹಾಗೆ ತೇಲಿಹೋಯಿತು. ಮನಸ್ಸಿಲ್ಲದ ಮಾತು, ಬೇಡ ಅನ್ನುತ್ತಿದ್ದಾನೆ ಎಂದುಕೊಂಡೆ.

‘ಏನಂತಾರ ಸಾರ್?’

‘ಹೊಸದು ತಗೋತಾನ. ಹಳೇದು ಬ್ಯಾಡ.’

ಶಿಷ್ಯ ತಲೆ ಕೆರೆದುಕೊಂಡ. ‘ಎಲ್ಲಾರೂ ಹಳೇ ಅಕ್ಕಿ ಕೇಳ್ತಾರ ಸಾರ್. ಹೊಸದು ಮುದ್ದಿ ಆಗತೈತಿ. ಇನ್ನೊಮ್ಮೆ ಕೇಳ್ರಿ.’

‘ಇಂಗ್ಲಿಷು ನಿನಗ ಬರ್ತೈತೋ, ನನಗ ಬರ್ತೈತೋ?’

‘ನಿಮಗ, ಸಾರ್.’

ಕೆನಡಾದವನು ಇಬ್ಬರ ಕೈಯನ್ನೂ ಕುಲುಕಿ ಬಳ್ಳಾರಿಯ ಲಾಡ್ಜಿಗೆ ಹೋದ. ಹಳೆ ಅಕ್ಕಿ ಕೇಳುತ್ತಿದ್ದ ಬಳ್ಳಾರಿಯ ವ್ಯಾಪಾರಿಯೊಬ್ಬನಿಗೆ ಶಿಷ್ಯ ಫೋನ್ ಮಾಡಿದ. ಕತ್ತಲಾಗುವುದರೊಳಗೆ ಹಳೆ ಅಕ್ಕಿ ಪೂರ್ತಿ ಲಾರಿ ಹತ್ತಿತು. ರಾತ್ರಿ ಶಿಷ್ಯ ನನ್ನನ್ನು ತನ್ನ ಮನೆಯಲ್ಲೇ ಉಳಿಸಿಕೊಂಡ. ಸಿಹಿ ಮಾಡಿಸಿದ.

ಬೆಳಿಗ್ಗೆ ಕೆನಡಾದವನು ಬಂದು ನೇರ ಗೋದಾಮಿನ ಬಾಗಿಲಿಗೆ ಹೋದ. ಹಳೆ ಅಕ್ಕಿ ಇದ್ದ ಜಾಗ ಖಾಲಿ. ಹೊಸ ಅಕ್ಕಿಯ ಚೀಲಗಳನ್ನು ತೋರಿಸಿದೆವು. ಅವನು ನಿನ್ನೆಯ ಮಾತನ್ನೇ ಮತ್ತೆ ಅಂದ. ಈ ಸಲ ಜೊತೆಗೆ ತಲೆಯನ್ನೂ ಅಡ್ಡಡ್ಡ ಆಡಿಸಿದ. ಆಗ ನನಗೆ ತಿಳಿಯಿತು. ಅವರು ‘ಕ್ಯಾಂಟ್’ನ ಕೊನೆಯ ಅಕ್ಷರ ನುಂಗಿ, ಉಳಿದದ್ದನ್ನು ಒತ್ತುತ್ತಾರೆ. ‘ಕ್ಯಾನ್’ ಅನ್ನುವುದನ್ನು ಒತ್ತುವುದೇ ಇಲ್ಲ. ಒತ್ತಿ ಹೇಳಿದರೆ ಅರ್ಥ ‘ಆಗುವುದಿಲ್ಲ’. ತೇಲಿಸಿ ಹೇಳಿದರೆ ‘ಆಗುತ್ತದೆ’.

‘ಈಗೇನಂತಾರ ಸಾರ್?’

‘ಹೊಸದು ಆಗಂಗಿಲ್ಲ ಅಂತಾನ.’

‘ನಿನ್ನೆ ಆಗತೈತಿ ಅಂದ್ರಲ್ಲ.’

‘ನಿನ್ನೆನೂ ಆಗಂಗಿಲ್ಲ ಅಂದಿದ್ದ.’

ಶಿಷ್ಯ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಕ್ಕಿ ವಾಪಸ್ ಕೇಳಲು ವ್ಯಾಪಾರಿಗೆ ಫೋನ್ ಮಾಡಿದ, ಅವನು ಆಗಲೇ ಮಾರಿಬಿಟ್ಟಿದ್ದ. ನನಗೆ ಚಹ ತರಿಸಿ ಎರಡೂ ಕೈಯಿಂದ ಕೊಟ್ಟ. ‘ಕುರುಗೋಡಿಗೆ ಬಿಡತೀನಿ ಬರ್ರಿ ಸಾರ್’ ಅಂದ.

ಆ ಸೀಜನ್ ಮಿಲ್ಲಿಗೆ ಬೀಗ ಬಿತ್ತು. ಕೆನಡಾದವನ ಆರ್ಡರು ಸಿಂಧನೂರಿನ ಕಡೆಯ ಒಂದು ಮಿಲ್ಲಿಗೆ ಹೋಯಿತು. ಅಲ್ಲಿ ಯಾರಿಗೂ ಇಂಗ್ಲಿಷ್ ಬರುವುದಿಲ್ಲ.