ಖಡಿ ರಾಶಿಯ ಬಾಣಂತಿ

ಕಳೆದ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಎಂಟಕ್ಕೆ, ನಾಗನೂರಿನ ನಮ್ಮ ಮನೆಯ ಹಿಂದೆ ಕಟ್ಟುತ್ತಿದ್ದ ಹೊಸ ಖೋಲಿಯ ಸ್ಲ್ಯಾಬ್ ಕೆಲಸ ನಿಂತಿತು. ನಿಲ್ಲಿಸಿದವರು ನಮ್ಮ ಕಾಕಾ. ಕಾರಣ: ಕಾಂಕ್ರೀಟಿಗೆ ತರಿಸಿದ್ದ ಜಲ್ಲಿಕಲ್ಲಿನ ಖಡಿ ರಾಶಿಯ ಮೇಲೆ ನಾಲ್ಕು ತತ್ತಿ.

ಇಡೀ ಮೂಡಲಗಿ ತಾಲ್ಲೂಕಿನಲ್ಲಿ ಹಕ್ಕಿಗೆ ಹೆರಿಗೆ ರಜೆ ಮಂಜೂರು ಮಾಡಿದ ಅಧಿಕಾರಿ ಇವರೊಬ್ಬರೇ! ಅಧಿಕಾರ ಕೊಟ್ಟವರು ಯಾರು? ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ನಲವತ್ತು ವರ್ಷ ಕುರಿ ಕಾಯ್ದವರು. ಈಗ ಕುರಿಗಳಿಲ್ಲ, ಕಾಯುವ ಚಟ ಉಳಿದಿದೆ.

ನಾನೋ ಪತ್ರಿಕೆಯವನು. ಕಣ್ಣಾರೆ ಕಾಣದ್ದನ್ನು ಬರೆಯದವನು. ರವಿವಾರ ಕೊರಳಿಗೆ ದುರ್ಬೀನು ಹಾಕಿಕೊಂಡು ಹಕ್ಕಿ ನೋಡಲು ಧುಪದಾಳಕ್ಕೆ ಹೋಗುವವನು. ಖಡಿ ರಾಶಿ ಹತ್ತಿ, ಖುದ್ದು ಪರಿಶೀಲಿಸಿ, "ಇಲ್ಲಿ ತತ್ತಿ ಇಲ್ಲ" ಎಂದು ಘೋಷಿಸಿದೆ.

"ಕಾಲು ಎತ್ತಬ್ಯಾಡ. ಹಂಗ ನಿಂದ್ರು," ಅಂದರು ಕಾಕಾ.

ತತ್ತಿಗಳು ನನ್ನ ಚಪ್ಪಲಿಯಿಂದ ಗೇಣು ದೂರದಲ್ಲಿದ್ದವು. ಖಡಿಯದೇ ಬಣ್ಣ. ಅಷ್ಟರಲ್ಲಿ ತಾಯಿ ಟಿಟ್ಟಿಭ ಚೀರುತ್ತ ನನ್ನ ತಲೆಯ ಮೇಲೆರಗಿತು. ಓಡಿದೆ. ಹಕ್ಕಿಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು!

"ಏನಂತೈತಿ ಗೊತ್ತೇನು? 'ದೂರ ಸರಿ, ದೂರ ಸರಿ' ಅಂತೈತಿ."

"ನಿಮಗೇನಂತೈತ್ರಿ ಕಾಕಾ?"

"ನನಗ 'ಬರ್ರೀ, ಕುಂದರ್ರೀ' ಅಂತೈತಿ. ಮನಷಾರನ್ನ ನೋಡಿ ಮಾತಾಡತೈತಿ."

ಸ್ಲ್ಯಾಬ್ ಕೆಲಸದ ಗೌಂಡಿ ಸಂಧಾನಕ್ಕೆ ಬಂದ. "ಯಜಮಾನ್ರ, ತತ್ತಿ ಎತ್ತಿ ಬಾಜೂಕ ಇಡ್ತೀನ್ರಿ."

"ನಿನ್ನ ಹೇಂತಿ ಬಾಣಂತಿ ಇದ್ದಾಗ ಎತ್ತಿ ಬಾಜೂಕ ಇಟ್ಟಿದ್ದೇನು?"

ಗೌಂಡಿ ಕರಣಿಯನ್ನು ಚೀಲಕ್ಕೆ ಹಾಕಿಕೊಂಡು ಹೋದ.

ನನಗೆ ನಗು ಬರಲಿಲ್ಲ. ಆ ಖೋಲಿ ನನ್ನ ಮಗಳಿಗಾಗಿ. ಚೊಚ್ಚಲ ಹೆರಿಗೆಗೆ ಅವಳು ತಿಂಗಳೊಳಗೆ ಹುಕ್ಕೇರಿಯಿಂದ ಬರುವವಳಿದ್ದಳು. ಇದ್ದ ಎರಡು ಖೋಲಿಗಳಲ್ಲಿ ಒಂದು ನಮ್ಮದು, ಇನ್ನೊಂದು ಕಾಕಾರದು.

"ಕಾಕಾ, ನನ್ನ ಮಗಳನ್ನ ಎಲ್ಲಿ ಮಲಗಸೂದ್ರಿ?" ದನಿ ಏರಿಸಿಯೇ ಕೇಳಿದೆ.

"ನಿನ್ನ ಮಗಳು ಇನ್ನಾ ಬಸುರಿ. ಇಕಿ ಆಗಲೇ ಬಾಣಂತಿ. ಪಾಳಿ ಯಾರದು, ನೀನ ಹೇಳು."

ಪ್ರಶ್ನೆ ಕೇಳಿಯೇ ಪಗಾರ ಪಡೆದ ನಾನು ದುರ್ಬೀನಿನ ಗಾಜು ಒರೆಸತೊಡಗಿದೆ.

ಇಪ್ಪತ್ತು ದಿನಗಳಾದ ಮೇಲೆ ಒಂದು ಮಧ್ಯಾಹ್ನ ರಾಶಿಯ ಮೇಲೆ ಹಕ್ಕಿ ಇರಲಿಲ್ಲ. 'ತತ್ತಿ ಬಿಟ್ಟು ಹೋಗಿದೆ' ಎಂದು ಗೌಂಡಿಗೆ ಫೋನ್ ಮಾಡಿದೆ. ಅವನು ಬರುವಷ್ಟರಲ್ಲಿ ಹಕ್ಕಿ ಎಲ್ಲಿಯೋ ಹೊಟ್ಟೆ ಒದ್ದೆ ಮಾಡಿಕೊಂಡು ಬಂದು ತತ್ತಿಗಳ ಮೇಲೆ ಕೂತಿತ್ತು.

"ಬಿಸಲಿಗೆ ತತ್ತಿ ತಂಪು ಮಾಡಾಕತ್ತೈತಿ," ಅಂದರು ಕಾಕಾ. "ಪೇಪರಿನ್ಯಾಗೂ ಸುದ್ದಿ ಹಿಂಗ ಬರೀತೀಯೇನು?"

ಗೌಂಡಿಯ ಎದುರಿಗೇ ತಿದ್ದುಪಡಿ ಪ್ರಕಟಿಸಿದೆ.

ನಿನ್ನೆ ಮಗಳು ಬಂದಳು. ಹೆಂಡತಿ ನನ್ನ ಮುಖ ನೋಡಿದಳು. ಕಾಕಾರ ಖೋಲಿಯ ಬಾಗಿಲು ತೆರೆದಿತ್ತು. ಗೋಡೆಗೆ ಸುಣ್ಣ ಬಳಿದಿತ್ತು; ಒಂದೇ ಮನೆಯಲ್ಲಿದ್ದೂ ಅದು ಯಾವಾಗ ಆಯಿತೆಂದು ನನಗೆ ತಿಳಿದಿರಲಿಲ್ಲ. ಹೊರಸಿಗೆ ಹೊಸ ಹಗ್ಗ ಹೆಣೆದಿತ್ತು. ಗಾಳಿ ಬಡಿಯದಂತೆ ಕಿಟಕಿಗೆ ಅವರ ಕಂಬಳಿ ಕಟ್ಟಿತ್ತು. ಅವರ ಟ್ರಂಕು ಅಂಗಳದ ತಗಡಿನ ಶೆಡ್ಡಿನಲ್ಲಿತ್ತು.

ಇಂದು ಬೆಳಿಗ್ಗೆ ಏಳರ ಹೊತ್ತಿಗೆ ಮೂರು ಮರಿಗಳು ಖಡಿಯ ಮೇಲೆ ಓಡಾಡುತ್ತಿದ್ದವು. ನಾಲ್ಕನೇ ತತ್ತಿ ಆಗಷ್ಟೇ ಬಿರಿಯುತ್ತಿತ್ತು. ಮಗಳು ಕಾಕಾರ ಖೋಲಿಯಲ್ಲಿ ಇನ್ನೂ ಮಲಗಿದ್ದಳು.